‘ಮೊದಲು ಕನ್ನಡ ಕಲಿತು ಬಾ’ ಎಂದರು, ಬರೆಯುವುದನ್ನೇ ಬಿಟ್ಟೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ. ವಯಸ್ಸು 44. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನು. ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ನೋಟಿಸು ಹಾಕುವುದು ನನ್ನದೇ ಕೆಲಸ. ಎರಡು ವರ್ಷದಿಂದ ಫೇಸ್‌ಬುಕ್‌ನಲ್ಲೂ ಬರೆಯುತ್ತಿದ್ದೆ. ನಮ್ಮವ್ವ ಹಸು ಸಾಕಿದ್ದು, ಕೆರೆ ಕೋಡಿ ಬಿದ್ದದ್ದು, ಇಂಥವೇ. ನಾಲ್ಕು ತಿಂಗಳ ಹಿಂದೆ ಸಂಘದ ಹೊಸ ಕಟ್ಟಡದ ಪೂಜೆ ಬಗ್ಗೆ ಬರೆದಿದ್ದೆ. ನಮ್ಮೂರಿನವರೇ, ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿರುವವರು, ಅದರ ಸ್ಕ್ರೀನ್‌ಶಾಟ್ ತೆಗೆದು 11 ಕಡೆ ಕೆಂಪು ಸುತ್ತು ಹಾಕಿ, ‘ಮೊದಲು ಕನ್ನಡ ಕಲಿತು ಬಾ, ಆಮೇಲೆ ಬರಿ’ ಎಂದು ಊರಿನ ಗುಂಪಿಗೆ ಹಾಕಿದರು. ನಗುವ ಮುಖ ಒತ್ತಿದವರಲ್ಲಿ ನನ್ನ ಭಾವಮೈದನೂ ಇದ್ದ. ಅವತ್ತಿನಿಂದ ಬರೆದಿಲ್ಲ. ನೋಟಿಸನ್ನೂ 8ನೇ ಕ್ಲಾಸಿನ ಮಗಳ ಕೈಲಿ ಬರೆಸುತ್ತೇನೆ. ನನ್ನಂಥವರು ಬರೆದರೆ ಕನ್ನಡ ಕೆಡುತ್ತದಾ? ತಪ್ಪು ನನ್ನದಾ, ಫೋನಿನದಾ? ಈ ವಯಸ್ಸಿನಲ್ಲಿ ಸರಿಮಾಡಿಕೊಳ್ಳಬಹುದಾ, ಇಲ್ಲ ಸುಮ್ಮನಿರುವುದೇ ಮೇಲಾ?

ಉತ್ತರ: ಪತ್ರದ ಕಾಗುಣಿತ ತಿದ್ದಿ ಹಾಕಿ ಎಂದು ಕೇಳಿಕೊಂಡಿದ್ದಿರಿ, ಹಾಗೇ ಮಾಡಿದ್ದೇನೆ. ಮಾತು ಮಾತ್ರ ನಿಮ್ಮದೇ. ಸ್ಕ್ರೀನ್‌ಶಾಟಿನ ಜೊತೆಗೆ ಮೂಲ ಬರಹವನ್ನೂ ಕಳಿಸಿದ್ದು ಒಳ್ಳೆಯದಾಯಿತು. 27 ವರ್ಷ, ಮೊದಲು ಒಂದು ದಿನಪತ್ರಿಕೆಯಲ್ಲಿ, ಆಮೇಲೆ ಪುಸ್ತಕ ಪ್ರಕಾಶಕರ ಹತ್ತಿರ ಪ್ರೂಫ್ ನೋಡಿದವಳು ನಾನು. ಆ 11 ಸುತ್ತುಗಳನ್ನು ಅದೇ ಅಭ್ಯಾಸದಲ್ಲಿ ಒಂದೊಂದಾಗಿ ನೋಡಿದೆ.

ಅದಕ್ಕೂ ಮೊದಲು, ಸುತ್ತು ಹಾಕಿದವರ ಒಂದು ಸಾಲಿನ ಬಗ್ಗೆ ಹೇಳಿಬಿಡುತ್ತೇನೆ. 44 ವರ್ಷದ, ಊರಿನ ಸಂಘ ನಡೆಸುವ ಮನುಷ್ಯನಿಗೆ ‘ಕಲಿತು ಬಾ’ ಎಂದಿದ್ದಾರೆ. ಕನ್ನಡದಲ್ಲಿ ‘ಬಾ’ಗೂ ‘ಬನ್ನಿ’ಗೂ ಇರುವ ಅಂತರ ಯಾವ ಕಾಗುಣಿತಕ್ಕಿಂತಲೂ ದೊಡ್ಡದು. ಅದಕ್ಕೆ ಯಾರೂ ಸುತ್ತು ಹಾಕಲಿಲ್ಲ.

ಈಗ ಆ ಹನ್ನೊಂದು. ಬತ್ತರೆ, ಯೋಳುದ್ರು, ಮಾಡ್ಕಂಡು, ಈ ಮೂರೂ ತಪ್ಪೇ ಅಲ್ಲ. ಮಂಡ್ಯ ಕಡೆಯ ಮಾತನ್ನು ಕೇಳಿದ ಹಾಗೇ ಬರೆದಿದ್ದೀರಿ, ಅಷ್ಟೆ. ನೀವು ಬರೆದದ್ದು ಸರ್ಕಾರಿ ಸುತ್ತೋಲೆಯಲ್ಲ, ಊರಿನವರಿಗೆ ಹೇಳಿದ ಸಮಾಚಾರ. ಜಗುಲಿಯ ಮೇಲೆ ಕೂತು ‘ಅಧ್ಯಕ್ಷರು ಆಗಮಿಸುತ್ತಿದ್ದಾರೆ’ ಎಂದರೆ ನಿಮ್ಮವರೇ ತಿರುಗಿ ನೋಡುತ್ತಾರೆ. ಸುತ್ತು ಹಾಕಿದವರು ಗುಂಪಿನಲ್ಲಿ ಬರೆದ ಬೇರೆ ಸಾಲುಗಳೂ ಸ್ಕ್ರೀನ್‌ಶಾಟಿನಲ್ಲಿವೆ. ಅಲ್ಲಿ ‘ಮಾಡ್ತಾರೆ’, ‘ಇರ್ಲಿ ಬಿಡಿ’ ಎಂದಿದ್ದಾರೆ. ಅದು ಬೆಂಗಳೂರಿನ ಆಡುಮಾತು, ನಿಮ್ಮದು ಮದ್ದೂರಿನದು. ಒಂದು ಸರಿ, ಇನ್ನೊಂದು ತಪ್ಪು ಎನ್ನುವುದಕ್ಕೆ ಯಾವ ವ್ಯಾಕರಣದಲ್ಲೂ ಆಧಾರವಿಲ್ಲ.

‘ಹಳ್ಳಿ’ಗೆ ‘ಹಲ್ಲಿ’, ‘ಬೆಳೆ’ಗೆ ‘ಬೆಲೆ’. ಈ ಎರಡು ಫೋನಿನವು ಎಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಅದೇ ಬರಹದಲ್ಲಿ ಎರಡು ಸಾಲು ಕೆಳಗೆ ‘ಹಳ್ಳಿಯ ಜನ’ ಎಂದು ಸರಿಯಾಗಿಯೇ ಇದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಲಿಮಣೆಯಲ್ಲಿ ಎಚ್ ಎ ಎಲ್ ಎಲ್ ಐ ಒತ್ತಿದರೆ ಮೇಲಿನ ಪಟ್ಟಿಯಲ್ಲಿ ಹಳ್ಳಿಯೂ ಬರುತ್ತದೆ, ಹಲ್ಲಿಯೂ ಬರುತ್ತದೆ. ಹೆಬ್ಬೆರಳು ಯಾವುದರ ಮೇಲೆ ಬಿತ್ತೋ ಅದು. ಕಂಪ್ಯೂಟರಿನಲ್ಲೂ ಇದೇ ಪಾಡು. ಕೆ.ಪಿ. ರಾವ್ ಅವರು ರೂಪಿಸಿದ, ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕೀಲಿಮಣೆಯಲ್ಲಿ ‘ಎಲ್’ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ‘ಡಿ’ ಒತ್ತಿದರೆ ದ, ಶಿಫ್ಟ್ ಹಿಡಿದರೆ ಧ. ಅರ್ಧ ಸೆಕೆಂಡು ಕಿರುಬೆರಳು ಜಾರಿದರೆ ‘ಧನ’ ಹೋಗಿ ‘ದನ’ ಬಂತು. ಪತ್ರಿಕೆಯಲ್ಲಿ ನಾನು ತಿದ್ದಿದ ತಪ್ಪುಗಳಲ್ಲಿ ಬಹುಪಾಲು ಇಂಥವೇ.

ಅವರ ಕಣ್ಣಿಗೆ ಬೀಳದ ಹನ್ನೆರಡನೆಯದು ಒಂದಿದೆ. ‘ಸಂಘ’ ಎನ್ನುವಲ್ಲಿ ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿ ‘ಸ೦ಘ’ ಎಂದು ಬರೆದಿದ್ದೀರಿ. ನೋಡಲು ಎರಡೂ ಒಂದೇ. ಕಂಪ್ಯೂಟರು, ಫೋನುಗಳು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಸ್ಥಾನ. ನಾಳೆ ಯಾರಾದರೂ ನಿಮ್ಮ ಸಂಘದ ಹೆಸರು ಟೈಪಿಸಿ ಹುಡುಕಿದರೆ ಆ ಬರಹ ಸಿಗದೆ ಹೋಗಬಹುದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಅಲ್ಲಿ ತಡವರಿಸುತ್ತದೆ. ನಗುವವರಿಗೆ ಕಾಣದ ಈ ತಪ್ಪನ್ನು ತಿದ್ದಿಕೊಳ್ಳಿ ಎಂದು ನಾನು ಒತ್ತಾಯ ಮಾಡುತ್ತೇನೆ. ‘ದುಃಖ’ದ ವಿಸರ್ಗಕ್ಕೆ ಕೋಲನ್ ಚಿಹ್ನೆ ಒತ್ತುವುದೂ ಇದೇ ಜಾತಿಯದು.

ಮುಂದೆ ‘ಪ್ರೋತ್ಸಾಹದನ’ ಮತ್ತು ‘ಶುಭಾಷಯ’. ಲೀಟರಿಗೆ ಇಷ್ಟೆಂದು ಸರ್ಕಾರ ಕೊಡುವ ಪ್ರೋತ್ಸಾಹಧನ ಖಾತೆಗೆ ಬಿತ್ತೇ ಎಂದು ದಿನಾ ಕೇಳುವ ರೈತರಲ್ಲಿ ಒಬ್ಬರಾದರೂ ‘ಧ’ವನ್ನು ಎದೆಯಿಂದ ಉಸಿರು ತೆಗೆದು ಹೇಳುವುದನ್ನು ಕೇಳಿದ್ದೀರಾ? ಕನ್ನಡಿಗರಲ್ಲಿ ಬಹಳ ಮಂದಿ ಮಾತಿನಲ್ಲಿ ಮಹಾಪ್ರಾಣ ಉಚ್ಚರಿಸುವುದಿಲ್ಲ. ಶ ಮತ್ತು ಷಗಳನ್ನಂತೂ ಬೇರೆ ಬೇರೆಯಾಗಿ ಹೇಳುವವರು ಅಪರೂಪ. ಕಿವಿಗೆ ಕೇಳದ ಭೇದವನ್ನು ಕಣ್ಣಿನ ನೆನಪಿನಿಂದಲೇ ಬರೆಯಬೇಕು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದೇ ಕಾರಣಕ್ಕೆ ಕನ್ನಡ ಬರಹಕ್ಕೆ ಮಹಾಪ್ರಾಣವೂ ಬೇಡ, ಷಕಾರವೂ ಬೇಡ ಎಂದು ವಾದಿಸಿದರು, ತಾವೂ ಹಾಗೇ ಬರೆದು ತೋರಿಸಿದರು. ನಾನು ಅವರಷ್ಟು ದೂರ ಹೋಗುವುದಿಲ್ಲ. ಧನ-ದನ, ಮಧ್ಯ-ಮದ್ಯ ಬರಹದಲ್ಲಿ ಬೇರೆಯಾಗಿರುವುದು ಓದುವವರಿಗೆ ಅನುಕೂಲ. ಆದರೆ ಅಷ್ಟು ದೊಡ್ಡ ವಿದ್ವಾಂಸರು ಬೇಡವೆಂದ ಅಕ್ಷರವನ್ನು ಒಬ್ಬರು ಬಿಟ್ಟ ಮಾತ್ರಕ್ಕೆ ಅವರಿಗೆ ಕನ್ನಡ ಬಾರದು ಎನ್ನಲಾಗದು.

ಉಳಿದವು ನಾಲ್ಕು: ಎರಡು ಕಡೆ ‘ಆಲು’, ಒಂದು ‘ಹಿಂದು ಸಂಜೆ’, ಒಂದು ‘ಹಧ್ಯಕ್ಷರು’. ನಗು ಬಂದದ್ದು ಇವಕ್ಕೇ ಎಂಬುದು ನಿಮಗೂ ಗೊತ್ತು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

941ರಲ್ಲಿ ಕಾವ್ಯ ಬರೆದ ಪಂಪನಿಗೆ ಹಾಲು ಎಂದರೆ ‘ಪಾಲ್’. ಹೂ ‘ಪೂ’, ಹುಲಿ ‘ಪುಲಿ’, ಹಳ್ಳಿ ‘ಪಳ್ಳಿ’. ತಮಿಳಿನಲ್ಲಿ, ತೆಲುಗಿನಲ್ಲಿ ಇವತ್ತಿಗೂ ಹಾಲು ಪಕಾರದಲ್ಲೇ ಇದೆ. ಕನ್ನಡಿಗರ ನಾಲಗೆ ಮಾತ್ರ ಸುಮಾರು ಆ ಕಾಲದಿಂದ ಮುಂದಕ್ಕೆ ಪದದ ಮೊದಲಿನ ಪಕಾರವನ್ನು ಸಡಿಲಿಸುತ್ತ ಬಂತು. ಕೆಲವು ಶತಮಾನ ಕಳೆಯುವಷ್ಟರಲ್ಲಿ ಪಾಲು ಹಾಲಾಯಿತು. ಅಂದರೆ ಇವತ್ತು ನಾವು ಶುದ್ಧ ಎಂದುಕೊಂಡಿರುವ ‘ಹಾಲು’ ಒಂದಾನೊಂದು ಕಾಲಕ್ಕೆ ‘ಪಾಲ್’ ಎನ್ನಲು ಹೋಗಿ ಜಾರಿದ ಮಾತು. ಅದೇ ಜಾರುವಿಕೆ ನಿಮ್ಮ ಸೀಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟಿತು. ಪಾಲ್, ಹಾಲು, ಆಲು. ನಿಮ್ಮ ಅವ್ವ ‘ಆಲು’ ಎಂದದ್ದು ನಾಲಗೆಯ ಸೋಮಾರಿತನವಲ್ಲ, ಸಾವಿರ ವರ್ಷದ ದಾರಿಯಲ್ಲಿ ಅದು ಮುಂದಿನ ನಿಲ್ದಾಣ. ಬರಹದ ಕನ್ನಡ ‘ಹಾಲು’ ಎಂಬಲ್ಲಿ ನಿಂತಿದೆ, ಮಾತು ಮುಂದೆ ಹೋಗಿದೆ.

ಇಂಥ ಗೊಂದಲ ಹೊಸದೂ ಅಲ್ಲ. 13ನೇ ಶತಮಾನದ ವೈಯಾಕರಣಿ ಕೇಶಿರಾಜ, ಈಗ ಬಳಕೆ ತಪ್ಪಿರುವ ಹಳಗನ್ನಡದ ‘ೞ’ ಅಕ್ಷರ ಇರುವ ಪದಗಳ ಪಟ್ಟಿಯನ್ನೇ ಮಾಡಿಟ್ಟ. ಆ ಹೊತ್ತಿಗೆ ಜನರ ಬಾಯಲ್ಲಿ ೞ ಮತ್ತು ಳ ಬೆರೆತುಹೋಗಿತ್ತು, ಯಾವ ಪದಕ್ಕೆ ಯಾವುದು ಎಂದು ಓದಿದವರಿಗೂ ಹೊಳೆಯುತ್ತಿರಲಿಲ್ಲ. ಕೊನೆಗೆ ‘ಮೞೆ’ ಹೋಗಿ ‘ಮಳೆ’ಯೇ ನಿಂತಿತು. ಇವತ್ತು ‘ಮಳೆ’ ಎಂದು ಬರೆಯುವ ಯಾರನ್ನೂ ನಾವು ಕೇಶಿರಾಜನ ಪಟ್ಟಿ ಹಿಡಿದು ಗದರುವುದಿಲ್ಲ.

ಹಾಗಾದರೆ ‘ಹಿಂದು’, ‘ಹಧ್ಯಕ್ಷರು’ ಎಲ್ಲಿಂದ ಬಂದವು? ನಿಮ್ಮ ಊರಿನ ಮಾತಿನಲ್ಲಿ ಇಲ್ಲದ ಹಕಾರ ಅಲ್ಲಿ ಹೇಗೆ ಸೇರಿತು? ನನ್ನ ಅನುಭವದಲ್ಲಿ ಇದು ಅಂಜಿಕೆಯ ಫಲ. ಚಿಕ್ಕಂದಿನಲ್ಲಿ ‘ಆಲು’ ಎಂದಾಗ ಯಾರೋ ಗದರಿರುತ್ತಾರೆ, ಕ್ಲಾಸಿನಲ್ಲಿ ಎದ್ದು ನಿಲ್ಲಿಸಿರುತ್ತಾರೆ. ಎಲ್ಲಿ ಹಕಾರ ಬಿಟ್ಟುಹೋಗುತ್ತದೋ ಎಂಬ ಭಯದಲ್ಲಿ ಮಗು ಬೇಡದ ಕಡೆಯೂ ಅದನ್ನು ಸೇರಿಸಲು ಕಲಿಯುತ್ತದೆ. ಅಕ್ಕಿ ಹಕ್ಕಿಯಾಗುತ್ತದೆ, ಆದರ ಹಾದರವಾಗುತ್ತದೆ. ಆಮೇಲೆ ಅದಕ್ಕೂ ನಗುತ್ತಾರೆ, ಭಯ ಇನ್ನಷ್ಟು ಹೆಚ್ಚುತ್ತದೆ. ಸಾರ್ವಜನಿಕವಾಗಿ ಕೆಂಪು ಸುತ್ತು ಹಾಕುವುದರಿಂದ ಕನ್ನಡ ಸುಧಾರಿಸುತ್ತದೆ ಎಂದು ನಂಬುವವರು ಇದನ್ನು ಗಮನಿಸಬೇಕು. ನಿಮ್ಮ ನಾಲ್ಕರಲ್ಲಿ ಎರಡು ತಪ್ಪು ಹಿಂದೆ ಯಾರೋ ತಿದ್ದಿದ ರೀತಿಯಿಂದಲೇ ಹುಟ್ಟಿದವು.

ಭಯದ ತಪ್ಪು ಓದಿದವರಲ್ಲೂ ಇದೆ. ಮಹಾಪ್ರಾಣ ಬಿಟ್ಟೇನೋ ಎಂಬ ಅಳುಕಿನಲ್ಲಿ ‘ವಿದ್ಯಾರ್ಥಿ’ಯನ್ನು ‘ವಿಧ್ಯಾರ್ಥಿ’ ಎಂದು, ‘ಉದ್ದೇಶ’ವನ್ನು ‘ಉದ್ಧೇಶ’ ಎಂದು, ‘ಅದ್ಭುತ’ವನ್ನು ‘ಅಧ್ಬುತ’ ಎಂದು ಬರೆದ ಪ್ರಾಧ್ಯಾಪಕರ ಹಸ್ತಪ್ರತಿಗಳನ್ನು ನಾನು ತಿದ್ದಿದ್ದೇನೆ. ‘ಜಾತ್ಯತೀತ’ವನ್ನು ‘ಜಾತ್ಯಾತೀತ’ ಎಂದೂ ‘ಕೋಟ್ಯಧೀಶ’ನನ್ನು ‘ಕೋಟ್ಯಾಧೀಶ’ ಎಂದೂ ಬರೆಯುವ ವರದಿಗಾರರು ನಮ್ಮ ಡೆಸ್ಕಿನಲ್ಲೇ ಇದ್ದರು. ಅವರನ್ನು ಯಾರೂ ನೋಡಿ ನಗಲಿಲ್ಲ. ಒಂದು ಕಾರಣ, ಆ ತಪ್ಪುಗಳಲ್ಲಿ ಹಳ್ಳಿಯೂ ಕಾಣುವುದಿಲ್ಲ, ಜಾತಿಯೂ ಕಾಣುವುದಿಲ್ಲ. ಅ-ಹ ತಪ್ಪಿನಲ್ಲಿ ಮಾತ್ರ ನಗುವವರಿಗೆ ಮನುಷ್ಯನ ಮೂಲ ಕಂಡುಬಿಡುತ್ತದೆ. ಅವರು ನಗುವುದು ಅಕ್ಷರಕ್ಕಲ್ಲ ಎಂದು ನಾನು ಬಹಳ ವರ್ಷದಿಂದ ನಂಬಿದ್ದೇನೆ.

ಇನ್ನೊಂದು ಕಾರಣ, ಅವರ ಬರಹಕ್ಕೂ ಓದುಗರಿಗೂ ನಡುವೆ ನಾನು ಕೂತಿದ್ದೆ. ನಾನು ನೋಡಿದ ಮೇಲೆ ಉಪಸಂಪಾದಕರು ಒಮ್ಮೆ, ಪುಟ ಕಟ್ಟಿದ ಮೇಲೆ ಮತ್ತೊಮ್ಮೆ. ಬೆಳಿಗ್ಗೆ ಪತ್ರಿಕೆ ಕೈಗೆ ತೆಗೆದುಕೊಂಡವರು ಮೂರು ಜನರ ಕಣ್ಣು ದಾಟಿದ ಕನ್ನಡವನ್ನು ಓದುತ್ತಾರೆ, ಅದು ಬರೆದವರ ಕನ್ನಡ ಎಂದುಕೊಳ್ಳುತ್ತಾರೆ. ನೀವು ಸಂಜೆ ಹಾಲು ಅಳೆದು, ಕ್ಯಾನು ತೊಳೆದು, ಎಂಟು ಗಂಟೆಗೆ ಫೋನಿನಲ್ಲಿ ಬರೆದು ಒತ್ತಿದ ಕೂಡಲೇ ಅದು ಊರಿನ ಮುಂದೆ ಇರುತ್ತದೆ. ನಡುವೆ ಯಾರೂ ಇಲ್ಲ. ಅಚ್ಚಾದ ಪುಸ್ತಕದ ಪಕ್ಕದಲ್ಲಿಟ್ಟು ನಿಮ್ಮ ಬರಹವನ್ನು ಅಳೆಯುವುದು ನ್ಯಾಯವಲ್ಲ. ನನ್ನ ಮೇಜಿಗೆ ಬಂದ ಹಸ್ತಪ್ರತಿಗಳ ಪಕ್ಕದಲ್ಲಿಟ್ಟರೆ ನಿಮ್ಮದು ನಡುವಿನ ಸಾಲಿನಲ್ಲಿ ನಿಲ್ಲುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ನಿಮ್ಮಂಥವರಿಂದ ಕನ್ನಡ ಕೆಡುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮದೇ ಗುಂಪಿನ ಆ ಸ್ಕ್ರೀನ್‌ಶಾಟ್ ಮತ್ತೆ ನೋಡಿ. ಕೆಳಗೆ ಪ್ರತಿಕ್ರಿಯೆ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ಆ ಬರಹದಲ್ಲಿ ಬೆಲೆಯೂ ಬಿ ಇ ಎಲ್ ಇ, ಬೆಳೆಯೂ ಬಿ ಇ ಎಲ್ ಇ. ಲ-ಳ ಇಲ್ಲ, ದ-ಧ ಇಲ್ಲ, ಹ್ರಸ್ವ-ದೀರ್ಘ ಬರೆದವರ ಇಷ್ಟ. ಅಲ್ಲಿ ಯಾರೂ ತಪ್ಪು ಹುಡುಕಲಿಲ್ಲ. ಕನ್ನಡ ಲಿಪಿಯಲ್ಲಿ ಇಡೀ ಪುಟ ಬರೆದ ನಿಮಗೆ ಮಾತ್ರ ಪರೀಕ್ಷೆ ನಡೆಯಿತು. ನಿಮ್ಮ ಭಯ ಹಬ್ಬಿ ಇನ್ನೂ ನಾಲ್ಕು ಜನ ಕನ್ನಡ ಲಿಪಿ ಬಿಟ್ಟರೆ ಆಗುವ ನಷ್ಟ ‘ಆಲು’ವಿನಿಂದ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ಎಲ್ಲ ತಪ್ಪೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಪತ್ರಿಕೆಗೆ ಸೇರಿದ ಮೊದಲ ವರ್ಷ ‘ಬೆಳೆ ಪರಿಹಾರ’ ಎಂದಿರಬೇಕಾದ ಶೀರ್ಷಿಕೆ ‘ಬೆಲೆ ಪರಿಹಾರ’ ಎಂದು ನನ್ನ ಕಣ್ಣು ತಪ್ಪಿಸಿ ಹೋಯಿತು. ಮರುದಿನ ರೈತರ ಫೋನುಗಳು ಬಂದವು. ಬೆಲೆ ಕುಸಿದದ್ದಕ್ಕೂ ದುಡ್ಡು ಕೊಡುತ್ತಾರಾ, ಯಾವ ಕಚೇರಿಗೆ ಹೋಗಬೇಕು ಎಂದು ಒಬ್ಬ ವಯಸ್ಸಾದವರು ಕೇಳಿದರು. ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋಗಿಬಂದಿದ್ದರು. ಆ ದನಿ ಇನ್ನೂ ನೆನಪಿದೆ. ಓದಿದವರು ಅದನ್ನು ನಂಬಿ ಹೆಜ್ಜೆ ಇಡುತ್ತಾರೆ ಎಂದರೆ ಅಲ್ಲಿ ಒಂದಕ್ಷರವೂ ಜಾರಬಾರದು. ನಿಮ್ಮ ನೋಟಿಸು ಆ ಬಗೆಯದು. ಲಸಿಕೆ ಹಾಕುವ ದಿನ, ಹಾಲಿನ ದರ, ಫ್ಯಾಟಿನ ಅಂಕಿ, ಬಟವಾಡೆಯ ತಾರೀಕು. 3.5 ಎನ್ನುವಲ್ಲಿ ಚುಕ್ಕಿ ಹೋದರೆ ಜಗಳ. ‘ಇಂದು ಸಂಜೆ’ ಎನ್ನುವುದು ‘ಹಿಂದು ಸಂಜೆ’ ಆದರೆ ಯಾವ ಸಂಜೆ ಎಂದು ಒಬ್ಬರಾದರೂ ತಬ್ಬಿಬ್ಬಾಗುತ್ತಾರೆ. ಅವ್ವನ ಹಸುವಿನ ಕತೆಗೆ ಈ ಬಿಗಿ ಬೇಕಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟುಕೊಂಡಿದ್ದರಿಂದಲೇ ನೀವು ಎರಡನ್ನೂ ಬಿಟ್ಟಿರಿ.

ಈ ವಯಸ್ಸಿನಲ್ಲಿ ಸರಿಮಾಡಿಕೊಳ್ಳಬಹುದು, ಅದು ನೀವು ಅಂದುಕೊಂಡಷ್ಟು ದೊಡ್ಡ ಕೆಲಸವೂ ಅಲ್ಲ. ಯಾರೂ ಇಡೀ ಕನ್ನಡವನ್ನು ತಪ್ಪಾಗಿ ಬರೆಯುವುದಿಲ್ಲ, ಅವೇ ಇಪ್ಪತ್ತು ಮೂವತ್ತು ಪದಗಳನ್ನು ಮತ್ತೆ ಮತ್ತೆ ತಪ್ಪುತ್ತಾರೆ. ನಮ್ಮ ಡೆಸ್ಕಿನ ಗೋಡೆಗೆ ಅಂಥ ಪದಗಳ ಒಂದು ಹಾಳೆ ಅಂಟಿಸಿರುತ್ತಿದ್ದೆವು. ನೀವೂ ಹಾಲು ಅಳೆಯುವ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ: ಹಾಲು, ಹಸು, ಹುಲ್ಲು, ಹಿಂಡಿ, ಇಂದು, ಅಧ್ಯಕ್ಷರು, ಪ್ರೋತ್ಸಾಹಧನ, ಶುಭಾಶಯ. ಬರೆಯುವಾಗ ಒಮ್ಮೆ ಅತ್ತ ಕಣ್ಣು ಹಾಯಿಸಿ. ಎರಡು ತಿಂಗಳಲ್ಲಿ ಪುಟ ನೋಡುವ ಅಗತ್ಯವೇ ಬೀಳುವುದಿಲ್ಲ.

ಅ-ಹಕ್ಕೆ ನಾನು ಕಿರಿಯರಿಗೆ ಹೇಳಿಕೊಡುತ್ತಿದ್ದ ಒಂದು ಉಪಾಯವಿದೆ. ತಮಿಳು ನಿಮ್ಮ ಕಿವಿಗೆ ಸ್ವಲ್ಪ ಬಿದ್ದಿದ್ದರೆ, ಅಲ್ಲಿ ಆ ಪದ ಪಕಾರದಿಂದ ಶುರುವಾಗುತ್ತದೆಯೇ ನೋಡಿ. ಆಗುವುದಾದರೆ ಕನ್ನಡದಲ್ಲಿ ಹಕಾರ ಬರೆಯಿರಿ. ಪಾಲ್ – ಹಾಲು, ಪುಲ್ – ಹುಲ್ಲು, ಪತ್ತು – ಹತ್ತು, ಪಲ್ – ಹಲ್ಲು, ಪಾಂಬು – ಹಾವು, ಪೆಯರ್ – ಹೆಸರು. ಅಕ್ಕಿಗೆ ಅಲ್ಲಿ ಅರಿಸಿ, ಎಲೆಗೆ ಇಲೈ, ಎಮ್ಮೆಗೆ ಎರುಮೈ. ಪಕಾರವಿಲ್ಲ, ಆದ್ದರಿಂದ ನಮ್ಮಲ್ಲೂ ಹಕಾರವಿಲ್ಲ. ಹೃದಯ, ಹಾನಿ, ಹಿತದಂಥ ಸಂಸ್ಕೃತ ಪದಗಳಿಗೂ ಹಾಗೆ, ಹೀಗೆ, ಹೇಗೆ ಎನ್ನುವವಕ್ಕೂ ಇದು ನಡೆಯದು, ಅವನ್ನು ನೆನಪಿಟ್ಟೇ ಬರೆಯಬೇಕು. ಉಳಿದ ಕಡೆ ಹತ್ತಕ್ಕೆ ಎಂಟು ಸಲ ಕೈಹಿಡಿಯುತ್ತದೆ.

ಮಾತಾಡಿ ಬರೆಸುವ ಸೌಲಭ್ಯವನ್ನು ಬಹಳ ಜನ ಹೊಗಳುತ್ತಾರೆ. ನೋಟಿಸಿಗೆ ಅನುಕೂಲವೇ, ಆದರೆ ಅದರ ಅಪಾಯ ಗೊತ್ತಿರಲಿ. ಅದು ಪುಸ್ತಕದ ಕನ್ನಡಕ್ಕೆ ಒಗ್ಗಿದ ಯಂತ್ರ. ನೀವು ‘ಆಲು’ ಎಂದರೆ ಆಲೂಗಡ್ಡೆ ಎಂದುಕೊಳ್ಳಬಹುದು. ಜನರ ಹೆಸರು, ಊರಿನ ಹೆಸರು, ಅಂಕಿಗಳನ್ನು ಕಳಿಸುವ ಮುನ್ನ ಒಮ್ಮೆ ಜೋರಾಗಿ ಓದಿ ನೋಡಿ. ಕೀಲಿಮಣೆ ತಾನಾಗಿ ಸೂಚಿಸುವ ಪದವನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಹಲ್ಲಿಯೂ ಸರಿಯಾದ ಪದವೇ ಆದ್ದರಿಂದ ಯಾವ ಕಾಗುಣಿತ ಪರೀಕ್ಷಕವೂ ಅದನ್ನು ಹಿಡಿಯುವುದು ಕಷ್ಟ.

ಮಗಳ ವಿಷಯ. ಅವಳ ಕೈಲಿ ಬರೆಸಬೇಡಿ, ನೀವು ಬರೆದದ್ದನ್ನು ಅವಳಿಗೆ ಓದಲು ಕೊಡಿ. ಬರೆಸಿದರೆ ಅಪ್ಪನಿಗೆ ಬರೆಯಲು ಬಾರದು ಎಂದು ಮಗು ಕಲಿಯುತ್ತದೆ. ಓದಲು ಕೊಟ್ಟರೆ, ಬರೆದವರು ಯಾರೇ ಆಗಲಿ ಇನ್ನೊಬ್ಬರಿಗೆ ತೋರಿಸಿ ಕಳಿಸುತ್ತಾರೆ ಎಂದು ಕಲಿಯುತ್ತದೆ. ನಾನು ಇಡೀ ವೃತ್ತಿಜೀವನದಲ್ಲಿ ಮಾಡಿದ್ದು ಅದೇ ಕೆಲಸ. ‘ಏನು ತಪ್ಪಿದೆ ಹೇಳು’ ಎನ್ನುವುದಕ್ಕಿಂತ ‘ನಿನಗೆ ಎಲ್ಲಿ ಅರ್ಥವಾಗಲಿಲ್ಲ ಹೇಳು’ ಎಂದು ಕೇಳಿ.

ಆ ಬೆಂಗಳೂರಿನವರಿಗೆ ಉತ್ತರ ಕೊಡಬೇಕೆ? ಗುಂಪಿನಲ್ಲಿ ಬೇಡ. ಅಲ್ಲಿ ಏನು ಹೇಳಿದರೂ ಇನ್ನೊಂದು ಸ್ಕ್ರೀನ್‌ಶಾಟ್ ಆಗುತ್ತದೆ, ಊರು ಎರಡು ಭಾಗವಾಗುತ್ತದೆ. ಹೇಳಲೇಬೇಕು ಅನ್ನಿಸಿದರೆ ಹಬ್ಬಕ್ಕೆ ಬಂದಾಗ ಎದುರಿಗೆ ಕೂತು, ‘ತಪ್ಪಿದ್ದರೆ ನನಗೊಬ್ಬನಿಗೇ ಹೇಳಿ ಅಣ್ಣ, ತಿದ್ದಿಕೊಳ್ತೀನಿ’ ಎನ್ನಿ. ಅವರೂ ನಿಮ್ಮೂರಿನವರೇ. ‘ಆಲು’ ಎನ್ನುವ ಮನೆಯಲ್ಲೇ ಬೆಳೆದಿರಬೇಕು, ನಗರದಲ್ಲಿ ಅದನ್ನು ಬಿಡಲು ಎಷ್ಟು ಕಷ್ಟಪಟ್ಟರೋ. ಇದು ನನ್ನ ಊಹೆ ಅಷ್ಟೆ, ಆದರೆ ತಾವು ಕಷ್ಟಪಟ್ಟು ಮರೆತದ್ದನ್ನು ಇನ್ನೊಬ್ಬರು ಸಲೀಸಾಗಿ ಬರೆದಾಗ ಕೆರಳುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಭಾವಮೈದನಿಗೆ ಮಾತ್ರ ನೋವಾಯಿತು ಎಂದು ನೇರವಾಗಿ ಹೇಳಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮನೆಗೆ ಒಳ್ಳೆಯದಲ್ಲ.

ಸುಮ್ಮನಿರುವುದು ಮೇಲೇ ಎಂದು ಕೊನೆಗೆ ಕೇಳಿದ್ದೀರಿ. ನೀವು ಕಳಿಸಿದ ಹಳೆಯ ಬರಹಗಳಲ್ಲಿ ಒಂದು ಸಾಲು ಹೀಗಿದೆ: ‘ನಮ್ಮವ್ವ ಆಲು ಕರೆಯುವಾಗ ಮೊದಲ ನಾಕು ಧಾರೆ ನೆಲಕ್ಕೆ ಬಿಡೋಳು, ಭೂಮ್ತಾಯಿಗೆ ಅಂತ.’ ಇದು ನನ್ನ ಮೇಜಿಗೆ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಎರಡು ದಿನ ಯೋಚಿಸಿದೆ. ‘ಆಲು’ವನ್ನು ‘ಹಾಲು’ ಮಾಡುತ್ತಿದ್ದೆ, ಅದನ್ನೂ ನಿಮ್ಮನ್ನು ಕೇಳಿ. ‘ನಾಕು’ ಮುಟ್ಟುತ್ತಿರಲಿಲ್ಲ. ‘ಬಿಡೋಳು’ ಎನ್ನುವುದನ್ನು ‘ಬಿಡುತ್ತಿದ್ದಳು’ ಎಂದು ತಿದ್ದಿದರೆ ವಾಕ್ಯ ವ್ಯಾಕರಣಬದ್ಧವಾಗುತ್ತದೆ, ಅವ್ವ ಕೊಟ್ಟಿಗೆಯಿಂದ ಎದ್ದು ಹೋಗುತ್ತಾರೆ. ಮೊದಲ ಧಾರೆಯನ್ನು ಬೇರೆಯಾಗಿ ಹಿಂಡಿ ಎಂದು ಶುಚಿತ್ವದ ಸಲುವಾಗಿ ಡೈರಿಯವರೇ ಈಗ ಹೇಳಿಕೊಡುತ್ತಾರೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವ್ವ ಅದನ್ನು ಭೂಮಿತಾಯಿಯ ಹೆಸರಿನಲ್ಲಿ ಮಾಡುತ್ತಿದ್ದರು ಎನ್ನುವುದನ್ನು ನಿಮ್ಮ ಹೊರತು ಇನ್ಯಾರು ಬರೆಯುತ್ತಾರೆ?

ಆ ಬರಹದಲ್ಲಿ ಹಸುವಿನ ಬಣ್ಣ ಇದೆ, ಕೊಂಬಿನ ಅಂದ ಇದೆ, ಹೆಸರು ಇಲ್ಲ. ಅವ್ವ ಅದನ್ನು ಏನೆಂದು ಕರೆಯುತ್ತಿದ್ದರು? ಮುಂದಿನ ಸಲ ಬರೆಯುವಾಗ ಅದನ್ನೂ ಬರೆಯಿರಿ. ಅವರು ಕರೆದ ಹಾಗೇ.